ಆರಿಸಿಟ್ಟ ಕಾಳು

ಅಕ್ಕನ ಮಗುವಿಗೆ ವರ್ಷ ತುಂಬಿತು, ಇನ್ನು ಹಸುವಿನ ಹಾಲು ಕೊಡಬಹುದು ಎಂದು ಡಾಕ್ಟರು ಹೇಳಿದ ದಿನವೇ ಅದು ಯಾವ ಹಸುವಿನ ಹಾಲು ಎನ್ನುವುದನ್ನು ಅಮ್ಮ ತೀರ್ಮಾನ ಮಾಡಿದಳು. ಪ್ಯಾಕೆಟ್ ಹಾಲೆಂದರೆ ಹತ್ತೂರಿನ ಹಸುಗಳ ಹಾಲು ಒಂದೇ ತೊಟ್ಟಿಗೆ ಬಿದ್ದದ್ದು. ಯಾವುದಕ್ಕೆ ಕೆಚ್ಚಲು ಬಾವು, ಯಾವುದಕ್ಕೆ ಇಂಜೆಕ್ಷನ್, ನೋಡಿದವರು ಯಾರು. ಎಳೆಮಗುವಿಗೆ ಒಂದೇ ಹಸುವಿನ ಹಾಲು ಕೊಡಬೇಕು, ದಿನಕ್ಕೊಂದು ಹಸು ಬದಲಾದರೆ ಹೊಟ್ಟೆಗೆ ಹೊಂದುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಇದನ್ನು ಯಾರೂ ಚರ್ಚಿಸುವುದಿಲ್ಲ. ನನ್ನನ್ನೂ ಅಕ್ಕನನ್ನೂ ಹಾಗೆಯೇ ಬೆಳೆಸಿದ್ದು.

ನಮ್ಮ ಊರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹತ್ತಿರ. ಕೊಟ್ಟಿಗೆಯಲ್ಲಿ ಆಗ ಹಾಲು ಕೊಡುತ್ತಿದ್ದದ್ದು ಒಂದೇ ಹಸು, ಎರಡನೇ ಕರು ಹಾಕಿದ್ದ ಕೆಂದು. ಅಮ್ಮ ಬೆಳಗಿನ ಹಾಲು ಕರೆದು, ಸ್ಟೀಲ್ ಕ್ಯಾನಿಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಕೊಟ್ಟರೆ, ಅಪ್ಪ ಬೈಕಿನಲ್ಲಿ ಕುಣಿಗಲ್ಲಿಗೆ ತಂದು ತುಮಕೂರಿನ ಬಸ್ಸಿಗೆ ಹತ್ತಿಸುತ್ತಿದ್ದರು. ಏಳೂಮುಕ್ಕಾಲಿಗೆ ನಾನು ಮರಳೂರಿನ ಸ್ಟಾಪಿನಲ್ಲಿ ನಿಂತಿರುತ್ತಿದ್ದೆ. ಅಕ್ಕ, ಭಾವ, ಮಗು ಮತ್ತು ನಾನು ಅಲ್ಲಿಯೇ ಬಾಡಿಗೆ ಮನೆಯಲ್ಲಿದ್ದೇವೆ. ಕಂಡಕ್ಟರ್ ಇಳಿಯುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಕ್ಯಾನು ಚಾಚಿ, "ತಗಳಿ ಮೇಡಂ, ಪಾಪುಂದು ಬಂತು" ಎನ್ನುತ್ತಿದ್ದರು. ಹಿಂದಿನ ದಿನದ ಖಾಲಿ ಕ್ಯಾನನ್ನು ನಾನು ಅವರ ಕೈಗೆ ಕೊಡುತ್ತಿದ್ದೆ. ಹಾಲನ್ನು ಅಕ್ಕನಿಗೆ ಒಪ್ಪಿಸಿ, ತಿಂಡಿ ತಿಂದು, ಬಟವಾಡಿಗೆ ಕೆಲಸಕ್ಕೆ ಹೋಗುತ್ತಿದ್ದೆ.

ನಾನು ಕೆಲಸ ಮಾಡುವುದು ಒಂದು ಖಾಸಗಿ ಲ್ಯಾಬಿನಲ್ಲಿ. ಕೆಳಗೆ ಟೈರಿನ ಅಂಗಡಿ, ಮೇಲೆ ನಮ್ಮ ಮೂರು ಕೋಣೆ. ಹೈವೇಯ ಲಾರಿಗಳು ಹೋದಾಗ ಗಾಜಿನ ಸಾಮಾನು ಸಣ್ಣಗೆ ನಡುಗುತ್ತವೆ. ದನದ ಮೇವು, ಕೋಳಿ ಆಹಾರ, ಮುಸುಕಿನ ಜೋಳ, ಕಡಲೆಕಾಯಿ, ಕೊಬ್ಬರಿ, ಇವುಗಳಲ್ಲಿ ಬೂಷ್ಟಿನ ವಿಷ ಎಷ್ಟಿದೆ ಎಂದು ನೋಡುವುದು ನಮ್ಮ ಕೆಲಸ. ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ ಮಾಡಿದಾಗ ಇಷ್ಟು ಕಾಳು ನೋಡುತ್ತೇನೆಂದು ನಾನು ಎಣಿಸಿರಲಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಮೇಜಿನ ಮೇಲೆ, ಮೇಜಿನ ಕೆಳಗೆ, ಮೆಟ್ಟಿಲ ಬಳಿ ಎಲ್ಲೆಲ್ಲೂ ಪ್ಲಾಸ್ಟಿಕ್ ಚೀಲಗಳು. ಸಂಜೆ ಮನೆಗೆ ಹೋದರೆ ದುಪಟ್ಟಾದಲ್ಲಿಯೂ ಮುಗ್ಗಲು ವಾಸನೆ.

ಬೂಷ್ಟು ಕಣ್ಣಿಗೆ ಕಾಣುತ್ತದೆ, ಅದು ಕಾಳಿನೊಳಗೆ ಬಿಟ್ಟುಹೋಗುವ ವಿಷ ಕಾಣುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಅಫ್ಲಾಟಾಕ್ಸಿನ್. ತೊಳೆದರೆ ಹೋಗುವುದಿಲ್ಲ. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಚೀಲದ ತುಂಬ ಸಮನಾಗಿ ಹರಡಿಕೊಂಡಿರುವುದೂ ಇಲ್ಲ. ಎಲ್ಲೋ ಒಂದು ಮೂಲೆಯ ಒಂದು ಹಿಡಿ ಕಾಳಿನಲ್ಲಿ ಇದ್ದು, ಉಳಿದದ್ದೆಲ್ಲ ಚೆನ್ನಾಗಿರಬಹುದು. ಹಾಗಾಗಿ ಚೀಲದ ಮೇಲ್ಭಾಗದಿಂದಷ್ಟೇ ತೆಗೆದ ಮಾದರಿಗೆ ಅರ್ಥವಿಲ್ಲ. ಇದನ್ನು ನಾನು ಫೋನಿನಲ್ಲಿ ದಿನಕ್ಕೆ ನಾಲ್ಕೈದು ಸಲ ಹೇಳುತ್ತೇನೆ. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು, "ಆಯ್ತು ಮೇಡಂ, ಆದ್ರೂ ಇನ್ನೊಂದ್ಸಲ ನೋಡ್ಬುಡಿ" ಎನ್ನುತ್ತಾರೆ. ಇನ್ನೊಂದು ಸಲ ನೋಡಿದರೆ ಕಡಿಮೆ ಬರುತ್ತದೆ ಎಂದು ಎಲ್ಲರ ನಂಬಿಕೆ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಸುಸ್ತಾಗುತ್ತದೆ, ಅಷ್ಟೆ.

ಹೋದ ವರ್ಷ ಕಾರ್ತೀಕದಲ್ಲಿ ಮಳೆ ಹಿಡಿಯಿತು. ಅಪ್ಪ ರಾಗಿ ಹೊಲದ ಪಕ್ಕದ ತುಂಡಿನಲ್ಲಿ ಮುಸುಕಿನ ಜೋಳ ಹಾಕಿದ್ದರು. ತೆನೆ ಮುರಿದು ಕಣಕ್ಕೆ ತಂದು ರಾಶಿ ಹಾಕಿದ ಸಂಜೆಯೇ ಮೋಡ ಮುಚ್ಚಿ, ಟಾರ್ಪಲ್ ಹೊದಿಸಿ, ನಾಲ್ಕು ದಿನ ತೆಗೆಯಲಾಗಲಿಲ್ಲ. ಐದನೆಯ ದಿನ ಅಮ್ಮ ಫೋನ್ ಮಾಡಿದಳು.

"ರಾಶಿಗೆ ಕೈ ಹಾಕುದ್ರೆ ಬಿಸಿ ಬತ್ತದೆ ಕಣೇ. ಮುಗ್ಗಲು ವಾಸ್ನೆ ಬೇರೆ."

ಅಂದೇ ತೆಳ್ಳಗೆ ಹರಡಿ ಒಣಗಿಸಿ, ಬಿಡಿಸುವಾಗ ಕೆಟ್ಟ ಕಾಳನ್ನು ಬೇರೆ ಮಾಡಿ ಎಂದು ಹೇಳಿದೆ. ಭಾನುವಾರ ನಾನೇ ಹೋದೆ. ಅಂಗಳದಲ್ಲಿ ಅಮ್ಮ ಮತ್ತು ಪಕ್ಕದ ಮನೆಯ ಅತ್ತೆ ಮೊರ ಹಿಡಿದು ಕೂತಿದ್ದರು. ರಕ್ತಸಂಬಂಧದ ಅತ್ತೆಯಲ್ಲ, ಚಿಕ್ಕಂದಿನಿಂದ ಹಾಗೆ ಕರೆಯುವುದು.

"ಬಾರವ್ವ, ಕಾಳು ಡಾಕ್ಟ್ರು ಬಂದ್ರು, ಜಾಗ ಬುಡ್ರಿ" ಎಂದರು ಅತ್ತೆ. "ಅಲ್ಲ ಕಣೇ, ಬೂಷ್ಟು ನೋಡಕ್ಕೆ ಎಂಎಸ್ಸಿ ಓದ್ಬೇಕಾ? ನಮ್ಮನೆ ಉಪ್ಪಿನಕಾಯಿ ಜಾಡಿ ತೋರುಸ್ತೀನಿ ಬಾ, ಅದ್ರಾಗೆ ಪಿಎಚ್‌ಡಿ ಮಾಡು."

"ಅವಳನ್ನ ರೇಗಿಸ್ಬೇಡ, ಆಮೇಲೆ ನಿನ್ ಜಾಡೀನೂ ಫೇಲ್ ಮಾಡ್ತಾಳೆ" ಎಂದಳು ಅಮ್ಮ. ಅವಳ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ಅದು ಗೊತ್ತಾಯಿತು, ತಲೆ ತಗ್ಗಿಸಿ ಕೂತೆ.

ನಾನು ಅವರಿಗೆ ಹೇಳಿಕೊಟ್ಟೆ. ಹಸಿರು ಅಥವಾ ಹಸಿರುಹಳದಿ ಪುಡಿ ಕೂತ ಕಾಳು, ಗುಲಾಬಿ ಬಣ್ಣ ತಿರುಗಿದ್ದು, ಹುಳ ಕೊರೆದದ್ದು, ಒಡೆದದ್ದು, ಮುಟ್ಟಿದರೆ ಹಗುರ ಎನಿಸುವುದು, ಎಲ್ಲವನ್ನೂ ಬೇರೆ ಹಾಕಬೇಕು. ಅನುಮಾನವಿದ್ದರೆ ಬೇರೆಯೇ ಹಾಕಬೇಕು. ಅತ್ತೆ ಒಂದು ಕಾಳು ಎತ್ತಿ ಹಿಡಿದು, "ಇದು ಪಾಸೋ ಫೇಲೋ?" ಎಂದು ಪ್ರತಿಯೊಂದಕ್ಕೂ ಕೇಳಿ ನಗಿಸಿದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರ ಕೈಯೂ ನನ್ನ ಕೈಗಿಂತ ಚುರುಕಾಗಿತ್ತು. ಕಾಳು ಹಸನು ಮಾಡುವುದು ಅವರಿಗೆ ಹೊಸದೇನಲ್ಲ; ಏನನ್ನು ನೋಡಬೇಕು ಎನ್ನುವುದಷ್ಟೇ ಹೊಸದು. ನಾನು ಸಂಜೆ ನಾಲ್ಕರ ಬಸ್ಸಿಗೆ ಹೊರಟಾಗ ಒಳ್ಳೆಯ ಕಾಳು ಟಾರ್ಪಲ್ ಮೇಲೆ ಹರಡಿತ್ತು. ಕೆಟ್ಟದ್ದು ಮೂಲೆಯಲ್ಲಿ ಬೇರೆ ಗುಡ್ಡೆಯಾಗಿತ್ತು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೋ ತೆಗೆದುಕೊಂಡೆ. ಕೆಲಸದ ಜಾಗದಲ್ಲಿ ತೋರಿಸಲು.

ಆ ಫೋಟೋ ಈಗಲೂ ಫೋನಿನಲ್ಲಿದೆ. ಮೂಲೆಯ ಗುಡ್ಡೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಏನು ಮಾಡಬೇಕು ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮುಗಿದ ಕಾಳು ಹಳದಿ ಚೀಲಕ್ಕೆ ಹೋಗುತ್ತದೆ, ವಾರಕ್ಕೊಮ್ಮೆ ಯಾರೋ ಬಂದು ಚೀಲ ಒಯ್ಯುತ್ತಾರೆ. ಕೆಟ್ಟದ್ದೆಂದು ಬೇರೆ ಮಾಡಿದ ಮೇಲೆ ಅದು ಮುಗಿಯಿತು ಎಂಬ ಅಭ್ಯಾಸ ನನ್ನದು. ಅಮ್ಮನ ಮನೆಯಲ್ಲಿ ಹಾಗೆ ಯಾವುದೂ ಮುಗಿಯುವುದಿಲ್ಲ.

ಜೋಳವನ್ನು ಅಪ್ಪ ಗುಬ್ಬಿಯ ಕಡೆಯ ಒಂದು ಮೇವಿನ ಮಿಲ್ಲಿಗೆ ಕೊಟ್ಟರು. ಆ ಮಿಲ್ಲಿನ ಮಾದರಿಗಳು ಬರುವುದು ನಮ್ಮ ಲ್ಯಾಬಿಗೇ. ಅಪ್ಪನ ಲೋಡಿನದು ಬಂದಾಗ ನಾನು ಮುಟ್ಟಲಿಲ್ಲ. ನಮ್ಮ ಮನೆಯದು ಎಂದು ಹೇಳಿ ಹಿರಿಯ ಸಹೋದ್ಯೋಗಿಗೆ ಕೊಟ್ಟೆ. ಅವರು ಗುಬ್ಬಿಗೆ ಹೋಗಿ ಚೀಲಗಳಿಂದ ತಾವೇ ಇನ್ನೊಮ್ಮೆ ಕಾಳು ತೆಗೆದು ತಂದು ನೋಡಿದರು. ಮಿತಿಗಿಂತ ಬಹಳ ಕೆಳಗಿತ್ತು. "ಈ ಸಲದ ಮಳೇಲಿ ಇಷ್ಟು ಕ್ಲೀನ್ ಜೋಳ ನಾನು ನೋಡಿಲ್ಲ. ನಿಮ್ಮ ತಾಯೀನ ಇಲ್ಲಿಗೆ ಕೆಲಸಕ್ಕೆ ಕರ್ಕೊಂಡು ಬನ್ನಿ" ಎಂದರು. ಆ ವಾರ ಅಪರೂಪಕ್ಕೆ ನನಗೆ ಕೆಲಸದ ಮೇಲೆ ಪ್ರೀತಿ ಬಂದಿತ್ತು.

ಸಂಕ್ರಾಂತಿ ಮುಗಿದ ಗುರುವಾರ, ಊಟದ ಬಿಡುವಿನಲ್ಲಿ ಅಮ್ಮನ ಫೋನು ಬಂತು. ಅದೂ ಇದೂ ಮಾತಾಡಿ, ಕೊನೆಗೆ ಹೇಳಿದಳು.

"ನಾಳಿಂದ ಕ್ಯಾನು ತುಂಬ ಬರಾಕಿಲ್ಲ ಕಣೇ. ಹಸ ಸರಿಯಾಗಿ ತಿಂತಿಲ್ಲ. ಹಾಲು ಇಳ್ದೋಗದೆ."

"ಏನ್ ಹಾಕ್ತಿದೀಯಮ್ಮ?"

"ದಿನಾ ಹಾಕೋದೇಯ. ಹುಲ್ಲು, ಬೂಸ. ಜೊತೆಗೆ ಆ ಜೋಳದ ನುಚ್ಚು ಬೇಯ್ಸಿ ಹಾಕ್ತಿದೀನಿ. ಅದ್ರಿಂದ ಹಾಲು ಜಾಸ್ತಿಯಾಗ್ಬೇಕಿತ್ತು, ಇದೇನೋ ಇಳೀತಾ ಅದೆ."

"ಯಾವ ಜೋಳ?"

"ಅದೇ ನೀನು ಆರ್ಸಿ ಇಡಿ ಅಂದಿದ್ದಲ್ಲ. ಅದನ್ನೇ ಮಿಷನ್ನಿಗೆ ಕೊಟ್ಟು ನುಚ್ಚು ಮಾಡುಸ್ದೆ. ಎರಡು ಚೀಲ ಆಯ್ತು."

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗೆ ಟೈರಿಗೆ ಗಾಳಿ ತುಂಬುವ ಮಷೀನು ಓಡುತ್ತಿತ್ತು. ಇವತ್ತಿನಿಂದ ಆ ನುಚ್ಚು ಹಾಕಬೇಡ, ಚೀಲದ ಬಾಯಿ ಕಟ್ಟಿಡು, ಭಾನುವಾರ ಬಂದು ಹೇಳುತ್ತೇನೆ ಎಂದೆ. ಅಮ್ಮ ಯಾಕೆ ಎಂದಳು. ಬಂದು ಹೇಳುತ್ತೇನೆ ಎಂದು ಇನ್ನೊಮ್ಮೆ ಹೇಳಿ ಫೋನ್ ಇಟ್ಟೆ.

ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದು ಪಾಲು ರೂಪ ಬದಲಿಸಿಕೊಂಡು ಹಾಲಿಗೆ ಬರುತ್ತದೆ. ಇದು ನಾನು ಎರಡನೇ ಸೆಮಿಸ್ಟರಿನಲ್ಲಿ ಓದಿ, ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದ ಉತ್ತರ. ನೂರು ಹಸುಗಳ ಹಾಲು ಬೆರೆತರೆ ಒಂದು ಹಸುವಿನದು ತೆಳುವಾಗಿ ಹೋಗುತ್ತದೆ. ನಮ್ಮ ಮಗುವಿಗೆ ಬರುತ್ತಿದ್ದದ್ದು ಒಂದೇ ಹಸುವಿನದು, ಏನೂ ಬೆರೆಯದ್ದು. ಇಡೀ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತಿದ್ದ ಕೆಟ್ಟ ಕಾಳುಗಳನ್ನು ನಾನೇ ಕೂತು, ಒಂದೂ ತಪ್ಪದ ಹಾಗೆ, ಒಂದು ಕಡೆ ಸೇರಿಸಿ ಕೊಟ್ಟಿದ್ದೆ.

ಶುಕ್ರವಾರ ಬೆಳಿಗ್ಗೆ ಕ್ಯಾನು ಬಂತು. ಮುಕ್ಕಾಲು ಮಾತ್ರ ತುಂಬಿತ್ತು. ಅದನ್ನು ಚೀಲದಲ್ಲಿ ಇಟ್ಟುಕೊಂಡು, ಅಂಗಡಿಯಿಂದ ಪ್ಯಾಕೆಟ್ ತೆಗೆದುಕೊಂಡು ಮನೆಗೆ ಹೋದೆ. ಹಾಲು ಒಡೆದಿತ್ತು, ಚೆಲ್ಲಿದೆ ಎಂದು ಅಕ್ಕನಿಗೆ ಹೇಳಿದೆ. "ಈ ಚಳೀಲಿ ಒಡೀತಾ?" ಎಂದಳು. ಮಗು ಅವಳ ಸೊಂಟದ ಮೇಲಿಂದ ನನ್ನ ಕನ್ನಡಕಕ್ಕೆ ಕೈ ಚಾಚಿತು.

ಲ್ಯಾಬಿನಲ್ಲಿ ಹಾಲಿಗೆ ಬೇರೆ ಪಟ್ಟಿಗಳಿವೆ. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಪಟ್ಟಿಯ ಹಾಗೆಯೇ ಇರುತ್ತವೆ, ಆದರೆ ಓದುವುದು ಉಲ್ಟಾ: ಎರಡು ಗೆರೆ ಮೂಡಿದರೆ ಹಾಲು ಚೆನ್ನಾಗಿದೆ, ಒಂದೇ ಮೂಡಿದರೆ ವಿಷ ಮಿತಿ ದಾಟಿದೆ. ರಿಜಿಸ್ಟರಿನಲ್ಲಿ ಮಾದರಿ ಕೊಟ್ಟವರು ಎಂಬಲ್ಲಿ ನನ್ನ ಹೆಸರನ್ನೇ ಬರೆದೆ. ಹತ್ತು ನಿಮಿಷ ಕಾಯಬೇಕು. ನಾನು ಬೇರೆ ಕಡೆ ನೋಡಲಿಲ್ಲ. ಮೇಲಿನ ಗೆರೆ ಬೇಗನೆ ಮೂಡಿತು. ಕೆಳಗಿನದು ಹತ್ತು ನಿಮಿಷಕ್ಕೂ ಮೂಡಲಿಲ್ಲ, ಹದಿನೈದಕ್ಕೂ ಮೂಡಲಿಲ್ಲ. ಪಟ್ಟಿ ಹೌದು, ಇಲ್ಲ ಎಂದಷ್ಟೇ ಹೇಳುತ್ತದೆ. ಎಷ್ಟು ಎಂದು ತಿಳಿಯಲು ಮಧ್ಯಾಹ್ನ ಇನ್ನೊಂದು ಪರೀಕ್ಷೆ ಮಾಡಿದೆ. ಎಷ್ಟು ಎಂದು ತಿಳಿಯಿತು. ನಾನೂ ಇನ್ನೊಂದು ಸಲ ನೋಡಿದೆ.

ಶನಿವಾರ ಕ್ಯಾನು ಬಸ್ಸಿನಲ್ಲೇ ಉಳಿಯಿತು ಎಂದು ಹೇಳಿದೆ. ಎರಡು ದಿನಕ್ಕೆ ಎರಡು ಸುಳ್ಳು. ಅಕ್ಕನಿಗೆ ಮೊದಲೇ ಹೇಳಬಹುದಿತ್ತು. ಅಮ್ಮನಿಗೆ ಮೊದಲು ಗೊತ್ತಾಗಬೇಕು, ಅಕ್ಕನ ಬಾಯಿಂದ ಅಮ್ಮನಿಗೆ ಹೋಗಬಾರದು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಅದರಲ್ಲಿ ಅರ್ಧ ನಿಜವಿತ್ತು.

ಭಾನುವಾರ ಊರಿಗೆ ಹೋದಾಗ ಅಮ್ಮ ಕೊಟ್ಟಿಗೆಯಲ್ಲಿದ್ದಳು. ಚೀಲಗಳು ಗೋಡೆಗೆ ಒರಗಿದ್ದವು. ಒಂದು ಖಾಲಿ, ಇನ್ನೊಂದರಲ್ಲಿ ಅರ್ಧ. ಬಾಯಿ ಬಿಚ್ಚಿದೆ. ವಾಸನೆ ಮುಖಕ್ಕೆ ಬಂತು. ಅಮ್ಮನಿಗೂ ಬಂದಿರಬೇಕು.

"ವಾಸ್ನೆ ಅಯ್ತೆ ಅಂತ್ಲೇ ನೀರು ಬದ್ಲಾಯ್ಸಿ ಎರಡು ಸಲ ಬೇಯುಸ್ದೆ" ಎಂದಳು.

ನಾನು ನಿಧಾನವಾಗಿ ಹೇಳಿದೆ. ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ಹಸುವಿನ ಹೊಟ್ಟೆಯಿಂದ ಹಾಲಿಗೆ ಬರುತ್ತದೆ. ಪರೀಕ್ಷೆ ಮಾಡಿದೆ, ಬಂದಿದೆ.

"ಹಾಲ್ನೂ ಉಕ್ಕಿಸಿ ಕಾಯುಸ್ತೀವಲ್ಲ."

"ಅದಕ್ಕೂ ಹೋಗಲ್ಲಮ್ಮ."

ಅಮ್ಮ ಹಸುವಿನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಕೇಳಿದಳು. "ಅವತ್ತು ಇಡೀ ದಿನ ಇಲ್ಲೇ ಕೂತಿದ್ದೆ. ಯಾವ್ದು ಕೆಟ್ಟದ್ದು ಅಂತ ನೂರು ಸಲ ಹೇಳ್ದೆ. ಹಸಕ್ಕೆ ಹಾಕ್ಬೇಡ ಅಂತ ಒಂದು ಸಲ ಹೇಳಕ್ಕೆ ಏನಾಗಿತ್ತು?"

"ಹೊಳೀಲಿಲ್ಲ."

"ಮನುಷ್ರು ತಿನ್ನದೇ ಇರೋದು ದನಕ್ಕೆ ಹಾಕೋದು ನಿಂಗೊತ್ತಿಲ್ವಾ? ಈ ಮನೇಲೇ ಹುಟ್ಟಿದ್ದಲ್ವಾ ನೀನು?"

ಗೊತ್ತಿತ್ತು. ಹಳಸಿದ ಅನ್ನ, ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು, ಹುಳ ಹಿಡಿದ ಹುರುಳಿ, ಎಲ್ಲ ಕಲಗಚ್ಚಿನ ಬಾನಿಗೆ ಹೋಗುವುದನ್ನು ನೋಡುತ್ತಲೇ ಬೆಳೆದವಳು ನಾನು. ನಾನೇ ಎಷ್ಟೋ ಸಲ ಹಾಕಿದ್ದೇನೆ.

ಅಷ್ಟರಲ್ಲಿ ಅಪ್ಪ ಬಂದರು. ವಿಷಯ ಕೇಳಿ, ಉಳಿದ ಅರ್ಧ ಚೀಲವನ್ನು ನೋಡಿ, "ಕೆಟ್ಟ ಜೋಳ ತಗಳೋರು ಅವ್ರೆ. ಫೋನ್ ಮಾಡುದ್ರೆ ಮನೆ ಬಾಗ್ಲಿಗೇ ಬತ್ತಾರೆ, ಕೋಳಿಗೆ ಬೆರುಸ್ತಾರಂತೆ" ಎಂದರು. ಅದು ಸುತ್ತಿ ಇನ್ನೊಬ್ಬರ ಮನೆಗೆ ಹೋಗುತ್ತದೆ ಅಪ್ಪ, ಎಂದೆ. ಅವರು ವಾದ ಮಾಡಲಿಲ್ಲ. ಗುದ್ದಲಿ ತೆಗೆದುಕೊಂಡು ತೆಂಗಿನ ಸಾಲಿನಾಚೆ ಬೇಲಿಯ ಹತ್ತಿರ ಗುಂಡಿ ತೋಡಿದರು.

ಅಮ್ಮ ಅಲ್ಲಿಗೂ ಬಂದು ನಿಂತಳು. "ಕಾಳು ಭೂಮಿಗೆ ಹಾಕೋದು ಬಿತ್ನೆಗೆ. ಹಿಂಗೆ ಹೂಳಿದ್ದು ನಾನು ನೋಡಿಲ್ಲ. ನನ್ ಕೈಲಿ ಆಗಕಿಲ್ಲ, ನೀನೇ ಸುರಿ" ಎಂದು ಮುಖ ತಿರುಗಿಸಿದಳು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುರಿದೆ. ಹಸಿರು ದೂಳು ಎದ್ದಿತು. ಅಪ್ಪ ಸುಣ್ಣ ಹಾಕಿ ಮಣ್ಣು ಮುಚ್ಚಿದರು. ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ, "ಏನ್ ಹೂಳ್ತಿದೀರಿ, ನಿಧೀನಾ?" ಎಂದು ಕೇಳಿದರು. ಯಾರೂ ನಗದಿದ್ದುದನ್ನು ನೋಡಿ ಸುಮ್ಮನೆ ಒಳಗೆ ಹೋದರು.

ಹೊರಡುವಾಗ ಅಮ್ಮ, "ಅಕ್ಕಂಗೆ ಹೇಳಿದ್ಯಾ?" ಎಂದಳು. ಇವತ್ತು ಹೇಳುತ್ತೇನೆ ಎಂದೆ. "ನಾನು ಹಾಕ್ದೆ ಅಂತ ಹೇಳು. ನೀನು ಮರ್ತೆ ಅಂತ ಹೇಳ್ಬೇಡ. ಒಂದೇ ಮನೇಲಿರೋರು ನೀವು" ಎಂದಳು.

ನಾನು ಹಾಗೆ ಹೇಳಲಿಲ್ಲ. ಮರಳೂರಿಗೆ ಬಂದಾಗ ಐದೂವರೆ. ಅಕ್ಕ ಮಗುವಿನ ಬಟ್ಟೆ ಮಡಚುತ್ತಿದ್ದಳು, ಭಾವ ಕೆಲಸದ ಮೇಲೆ ಊರಲ್ಲಿರಲಿಲ್ಲ. ಎದುರಿಗೆ ಕೂತು ಮೊದಲಿಂದ ಹೇಳಿದೆ: ನಾನು ಆರಿಸಲು ಹೇಳಿದ್ದು, ಮುಂದಿನದು ಹೇಳದೆ ಬಂದದ್ದು, ಒಡೆದ ಹಾಲಿನ ಸುಳ್ಳು, ಕೆಳಗಿನ ಗೆರೆ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಕೊನೆಯ ಬಟ್ಟೆ ಮುಗಿದ ಮೇಲೆ ಕೇಳಿದಳು.

"ಎಷ್ಟು ದಿನ?"

"ನಲವತ್ತರ ಮೇಲೆ."

"ಏನಾಗುತ್ತೆ ಇವಳಿಗೆ?"

"ಬಹಳ ಕಾಲ ಹೊಟ್ಟೆಗೆ ಹೋದ್ರೆ ಲಿವರ್‌ಗೆ ಕೆಟ್ಟದ್ದು. ಮಕ್ಕಳ ಬೆಳವಣಿಗೆಗೂ ಒಳ್ಳೇದಲ್ಲ ಅಂತಾರೆ. ಇಷ್ಟು ದಿನಕ್ಕೆ ಏನು ಅಂತ ನಂಗೆ ಹೇಳೋಕೆ ಬರಲ್ಲ ಅಕ್ಕ. ಏನೂ ಆಗ್ದೇ ಇರಬಹುದು."

"ಇರಬಹುದು" ಎಂದಳು. "ಅಮ್ಮಂಗೆ ಬೈದ್ಯಾ?"

"ಇಲ್ಲ."

"ಅಮ್ಮ ನಿಂಗೆ?"

"ಸ್ವಲ್ಪ."

"ಸಾಲದು" ಎಂದು ಎದ್ದು ಹೋದಳು.

ಸೋಮವಾರ ಇಬ್ಬರೂ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ತೂಕ, ಎತ್ತರ ನೋಡಿ, ಹೊಟ್ಟೆ ಒತ್ತಿ ನೋಡಿ, ಹಿಂದಿನ ಚೀಟಿಗಳ ಜೊತೆ ಹೋಲಿಸಿ, ಬೆಳವಣಿಗೆ ಸರಿಯಾಗಿದೆ, ಆ ಹಾಲು ನಿಲ್ಲಿಸಿದ್ದೀರಿ ಅಲ್ಲವೇ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದರು. ಅಕ್ಕ, ರಕ್ತದಲ್ಲಿ ನೋಡೋಕಾಗಲ್ವಾ ಎಂದಳು. ಅವರು ಲಿವರಿನದೊಂದು ಪರೀಕ್ಷೆ ಬರೆದರು. ಚುಚ್ಚಿಸಿಕೊಳ್ಳುವಾಗ ಮಗು ನನ್ನ ಮಡಿಲಲ್ಲಿತ್ತು. ಅದರ ಕೈಯನ್ನು ಅಲುಗದಂತೆ ಹಿಡಿದುಕೊಂಡವಳು ನಾನು. ಸಂಜೆ ಬಂದ ವರದಿಯಲ್ಲಿ ಎಲ್ಲ ಸರಿಯಿತ್ತು. ಅಕ್ಕ ಅದನ್ನು ಓದಿ ಮಡಚಿಟ್ಟಳು. ಸಮಾಧಾನವಾಯಿತೇ ಎಂದು ನಾನು ಕೇಳಲಿಲ್ಲ.

ಆ ದಿನದಿಂದ ಮನೆಯಲ್ಲಿ ಪ್ಯಾಕೆಟ್ ಹಾಲು. ಅಕ್ಕ ಅಮ್ಮನ ಫೋನು ತೆಗೆಯುವುದನ್ನು ನಿಲ್ಲಿಸಿದಳು. ಅಮ್ಮ ನನಗೆ ಮಾಡಿ, "ಮಗು ಏನ್ ಮಾಡ್ತಿದೆ?" ಎಂದಷ್ಟೇ ಕೇಳುತ್ತಿದ್ದಳು. ಮೊದಲಾದರೆ ಅಕ್ಕನ ಮಗಳು ಎದ್ದದ್ದು, ಬಿದ್ದದ್ದು ಎಲ್ಲ ಅವಳಿಗೆ ವಿಡಿಯೋದಲ್ಲಿ ಕಾಣಬೇಕಿತ್ತು. ಮನೆಯ ಡಬ್ಬಿಗಳ ಮೇಲೂ ಅಕ್ಕನಿಗೆ ಅನುಮಾನ ಶುರುವಾಯಿತು. ನಾನು ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, ರಾಗಿಗೂ ಬರುತ್ತಾ, ಅಕ್ಕಿಗೆ, ಹುರಿಗಡಲೆಗೆ ಎಂದು ಕೇಳುತ್ತಿದ್ದಳು. ಬರಬಹುದು, ಒಣಗಿದ್ದರೆ ಬರುವುದಿಲ್ಲ ಎನ್ನುತ್ತಿದ್ದೆ. ಅಂಗೈ ಮೇಲೆ ಕಾಳು ಹರಡಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹಗಲೆಲ್ಲ ಲ್ಯಾಬಿನಲ್ಲಿ ಅದೇ, ಸಂಜೆ ಮನೆಯಲ್ಲೂ ಅದೇ. ಸುಮ್ಮನಿರು ಎಂದು ಹೇಳುವ ಹಕ್ಕು ನನಗಿರಲಿಲ್ಲ.

ಕೆಟ್ಟ ಮೇವು ನಿಲ್ಲಿಸಿದರೆ ಹಾಲು ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ. ಅದನ್ನು ಕಣ್ಣಾರೆ ನೋಡಬೇಕೆನಿಸಿತು. ದಿನವೂ ಒಂದು ಸಣ್ಣ ಬಾಟಲಿಯಲ್ಲಿ ಹಾಲು ಕಳಿಸು ಎಂದು ಅಮ್ಮನಿಗೆ ಹೇಳಿದೆ. ಕ್ಯಾನಿನ ಬದಲು ಬಾಟಲಿ ಚಾಚಿದ ಕಂಡಕ್ಟರ್, "ಏನ್ ಮೇಡಂ, ಹಸ ಬತ್ತೋಯ್ತಾ? ಇಷ್ಟರಲ್ಲಿ ಬೆಕ್ಕಿಗೂ ಆಗಲ್ಲ" ಎಂದರು. ಟೆಸ್ಟಿಗೆ ಎಂದೆ. ಮರುದಿನದಿಂದ ಅವರು, "ತಗಳಿ, ಪೇಷೆಂಟ್ ಬಂತು" ಎನ್ನತೊಡಗಿದರು.

ಮಂಗಳವಾರ ಕೆಳಗಿನ ಗೆರೆ ಇದೆಯೋ ಇಲ್ಲವೋ ಎನ್ನುವಷ್ಟು ಮಸುಕಾಗಿ ಬಂತು. ಬುಧವಾರ ಕಾಣುವಷ್ಟು. ಗುರುವಾರ ಮೇಲಿನದಕ್ಕೆ ಸಮನಾಯಿತು. ಶುಕ್ರವಾರವೂ ಹಾಗೆಯೇ ಇತ್ತು. ಇನ್ನೊಂದು ಪರೀಕ್ಷೆಯ ಅಂಕಿಯೂ ಮಿತಿಯ ಕೆಳಗೆ ಇಳಿದಿತ್ತು. ಅಮ್ಮನಿಗೆ ಹೇಳಿದಾಗ, "ಹಸಾನೂ ಈಗ ಚೆನ್ನಾಗಿ ತಿಂತದೆ. ಅದಕ್ಕೆ ಬಾಯಿದ್ದಿದ್ರೆ ಮೊದ್ಲೇ ಹೇಳ್ತಿತ್ತು" ಎಂದಳು. "ನಾನಾಗಿ ಕಳ್ಸಲ್ಲ. ಅವಳು ಕಳ್ಸು ಅಂದ್ರೆ ಕಳುಸ್ತೀನಿ" ಎಂದಳು.

ಅಂದು ಸಂಜೆ ಅಕ್ಕನಿಗೆ, ಹಾಲು ಈಗ ಸರಿಯಾಗಿದೆ ಎಂದೆ.

"ಬಾಯಲ್ಲಿ ಹೇಳಿದ್ದು ಸಾಕು. ಬೇರೆಯವರಿಗೆ ಹೇಗೆ ಕೊಡ್ತೀಯೋ ಹಾಗೆ ಬರೆದು ಕೊಡು. ಸೈನ್ ಇರಲಿ. ನಿಂದೊಂದೇ ಅಲ್ಲ."

ಅವಳು ಹಂಗಿಸುತ್ತಿರಲಿಲ್ಲ. ಶನಿವಾರ ಹಿರಿಯ ಸಹೋದ್ಯೋಗಿಗೆ ಎಲ್ಲವನ್ನೂ ಹೇಳಬೇಕಾಯಿತು. ಮನೆಯೊಳಗಿನ ಇಂಥ ವಿಷಯವನ್ನು ಲ್ಯಾಬಿನಲ್ಲಿ ನಾನು ಹೇಳಿದ್ದು ಅದೇ ಮೊದಲು. ಅವರು ಆ ದಿನದ ಬಾಟಲಿಯನ್ನು ತಾವೇ ಪರೀಕ್ಷೆ ಮಾಡಿದರು. ವರದಿಯಲ್ಲಿ ಪರೀಕ್ಷಿಸಿದವರು ಎಂಬಲ್ಲಿ ಅವರ ಸಹಿ, ಕೊಟ್ಟವರು ಎಂಬಲ್ಲಿ ನನ್ನ ಹೆಸರು. ಕೊಡುವಾಗ ಅವರು, "ನಮ್ಮ ಮನೇಲೂ ಎಮ್ಮೆಗೆ ಹಾಗೇ ಹಾಕ್ತಿದ್ರು" ಎಂದು ಮಾತ್ರ ಹೇಳಿದರು.

ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ವರದಿಯನ್ನು ಮೊದಲಿನಿಂದ ಓದಿದಳು. ನಮ್ಮಲ್ಲಿಗೆ ಬರುವವರು ಯಾರೂ ಅಷ್ಟು ಓದುವುದಿಲ್ಲ, ಅಂಕಿ ನೋಡಿ ಮಡಚುತ್ತಾರೆ. ಅವಳು ಪುಟದ ಅಡಿಯ ಸಣ್ಣ ಅಕ್ಷರದವರೆಗೂ ಹೋದಳು.

"ಈ ಫಲಿತಾಂಶ ಪರೀಕ್ಷೆಗೆ ಬಂದ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ಇದೇನು?"

"ಎಲ್ಲ ರಿಪೋರ್ಟಲ್ಲೂ ಇರುತ್ತೆ ಅದು."

"ಅಂದ್ರೆ ಆ ಬಾಟಲಿ ಹಾಲಿಗೆ ಮಾತ್ರ. ನಾಳೆದಕ್ಕೆ ಅಲ್ಲ."

"ನಾಳೆದು ಹಸು ಇವತ್ತು ಏನು ತಿಂದಿದೆ ಅನ್ನೋದರ ಮೇಲೆ."

ಮಗು ನೆಲದ ಮೇಲೆ ಡಬ್ಬಿಯ ಮುಚ್ಚಳ ಬಡಿಯುತ್ತಿತ್ತು. ಅಕ್ಕ ಫೋನ್ ತೆಗೆದುಕೊಂಡು ಅಮ್ಮನಿಗೆ ಮಾಡಿದಳು. ಆರು ದಿನದ ನಂತರ. ಹೇಗಿದ್ದೀಯ ಎಂದು ಕೇಳಲಿಲ್ಲ.

"ಹಸುಗೆ ಇವತ್ತು ಏನ್ ಹಾಕ್ದೆ?"

ಆ ಕಡೆ ಅಮ್ಮನ ದನಿ ನನಗೂ ಕೇಳಿಸುವಷ್ಟು ಏರಿತು. ಬೆಳಿಗ್ಗೆ ರಾಗಿ ಹುಲ್ಲು, ಹೊಸ ಮೆದೆಯದ್ದು. ಬೂಸ ಮೊನ್ನೆ ತಂದದ್ದು. ಹಸಿ ಮೇವು ಬದುವಿನದ್ದು, ತಾನೇ ಕೊಯ್ದದ್ದು. ಹಿಂಡಿ ಎರಡು ಹಿಡಿ. ಅಕ್ಕ ಒಂದೊಂದನ್ನೂ ವರದಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡಳು.

"ಯಾವ ಹಿಂಡಿ?" ಎಂದಳು. ಕೇಳಿಸಿಕೊಂಡು, ಫೋನಿಗೆ ಅಂಗೈ ಅಡ್ಡ ಹಿಡಿದು, ನನ್ನ ಕಡೆ ತಿರುಗಿದಳು. "ಕಡ್ಲೆಕಾಯಿ ಹಿಂಡಿಯಂತೆ. ಆಗುತ್ತಾ?"

ಕಡಲೆಕಾಯಿಗೆ ಈ ವಿಷ ಜೋಳಕ್ಕಿಂತ ಬೇಗ ಹತ್ತುತ್ತದೆ. ಹಾಲು ಈ ವಾರ ಸರಿಯಿದೆ ಎಂದರೆ ಈಗ ಬಾಯಿ ಬಿಚ್ಚಿರುವ ಚೀಲದ ಹಿಂಡಿ ಸರಿಯಿರಬೇಕು. ಮುಂದಿನದು ಹೇಗೋ ಗೊತ್ತಿಲ್ಲ. ಇಷ್ಟನ್ನೂ ಹೇಳಬೇಕಿತ್ತು. ಅವತ್ತು ಅಂಗಳದಲ್ಲಿ ಹೇಳದೆ ಬಂದದ್ದರಿಂದಲೇ ಇಷ್ಟೆಲ್ಲ ಆದದ್ದು. ಸುಸ್ತಾಗಿದ್ದರೂ ಎಲ್ಲವನ್ನೂ ಹೇಳಿದೆ.

ಅಕ್ಕ ಅಂಗೈ ತೆಗೆದಳು.

"ಅಮ್ಮ, ಸೋಮವಾರದಿಂದ ಹಾಲು ಕಳ್ಸು. ಹಿಂಡಿ ಸದ್ಯಕ್ಕೆ ಹಾಕ್ಬೇಡ. ಒಂದು ಸೇರು ಹಿಂಡಿ ಇವಳಿಗೆ ಕಳ್ಸು, ನೋಡ್ತಾಳೆ." ನನ್ನ ಮುಖ ನೋಡಿದಳು. "ಹೆಂಗೆ ತೆಗೀಬೇಕು, ಹೇಳು."

"ಚೀಲದ ಮೇಲಿಂದ ಅಲ್ಲ" ಎಂದೆ. "ಅಡಿಯಿಂದ ಒಂದು ಹಿಡಿ, ನಡುವಿಂದ ಒಂದು ಹಿಡಿ, ಗೋಡೆಗೆ ತಾಗಿದ ಕಡೆಯಿಂದ ಒಂದು. ಚೆನ್ನಾಗಿರೋದನ್ನ ಆರಿಸಬಾರದು."